ಕೃಷಿಕರ ಫೋನಿನಲ್ಲಿ ಕೆಲಸದ ಪಟ್ಟಿ

ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ಕ್ರಮವನ್ನು ನಮ್ಮ ಕಾಸರಗೋಡು ಸೀಮೆಯ ಕೃಷಿಕರಿಗೆ ಯಾರೂ ಹೊಸದಾಗಿ ಕಲಿಸಿಕೊಡಬೇಕಾದುದಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು 1910ರಲ್ಲಿ ಈ ರೋಗದ ಕುರಿತಾದ ತಮ್ಮ ಅಭ್ಯಾಸವನ್ನು ಪ್ರಕಟಿಸಿ ಬೋರ್ಡೋ ದ್ರಾವಣವನ್ನು ಸೂಚಿಸಿದಂದಿನಿಂದ ಇಂದಿನ ವರೆಗೂ ಅದೇ ಮೈಲುತುತ್ತು, ಅದೇ ಸುಣ್ಣ. ನೂರು ಲೀಟರು ನೀರಿಗೆ ಒಂದೊಂದು ಕಿಲೋ. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40ರಿಂದ 45 ದಿವಸಗಳಿಗೆ ಎರಡನೆಯ ಸಲ, ಮಳೆಗಾಲ ಉದ್ದವಾದರೆ ಮೂರನೆಯ ಸಲ. ಇಷ್ಟನ್ನು ಮನೆಯ ಮಕ್ಕಳೂ ಬಾಯಿಪಾಠ ಹೇಳಬಲ್ಲರು. ಹಾಗಿದ್ದೂ ಆಟಿ ತಿಂಗಳಲ್ಲಿ ಮರದ ಬುಡದಿಂದ ಕೊಳೆತ ಎಳೆಗಾಯಿ ಹೆಕ್ಕುವ ಮನೆಗಳು ಪ್ರತಿವರ್ಷವೂ ಇದ್ದೇ ಇವೆ. ಮಳೆ ಒಂದು ಗಳಿಗೆಯೂ ಬಿಡದೆ ಹೊಡೆದ ವರ್ಷದ ಮಾತು ಬೇರೆ; ಆಗ ಯಾರೂ ಏನೂ ಮಾಡಲಾರರು. ಆದರೆ ನಡುವೆ ನಾಲ್ಕು ದಿವಸ ಬಿಸಿಲು ಬಿದ್ದಿದ್ದೂ ಎರಡನೆಯ ಮದ್ದು ಬೀಳದೆ ಹೋದ ತೋಟಗಳನ್ನು ನಾವೆಲ್ಲರೂ ಕಂಡವರೇ. ಅಲ್ಲಿ ಕೊರತೆಯಾದುದು ತಿಳಿವಳಿಕೆಯಲ್ಲ, ಹಣವೂ ಅಲ್ಲ. ಯಾರು, ಎಂದು ಮಾಡಬೇಕು ಎಂಬುದರ ಲೆಕ್ಕ ತಪ್ಪಿದುದು.

ಈ ಲೆಕ್ಕ ತಪ್ಪುವುದಕ್ಕೆ ಕಾರಣವುಂಟು. ಹಿಂದೆ ಒಂದು ಮನೆಯ ಕೆಲಸವೆಲ್ಲ ಒಬ್ಬ ಯಜಮಾನರ ತಲೆಯಲ್ಲಿರುತ್ತಿತ್ತು. ಈಗ ಮಗ ಮಂಗಳೂರಿನಲ್ಲಿಯೋ ಕೊಲ್ಲಿಯಲ್ಲಿಯೋ ಇರುತ್ತಾನೆ; ಮೈಲುತುತ್ತಿಗೆ ದುಡ್ಡು ಕಳುಹಿಸುವವನು ಅವನು. ಮದ್ದು ಬಿಡುವವರನ್ನು ಗೊತ್ತುಮಾಡುವವರು ಮನೆಯಲ್ಲಿರುವ ತಂದೆ. ಸುಣ್ಣ ತರಿಸಿ ಡ್ರಮ್ಮು ತುಂಬಿಸಿಡುವವಳು ಸೊಸೆ. ಮದ್ದು ಬಿಡುವವರಾದರೋ ಊರಿಗೆ ಇಬ್ಬರೋ ಮೂವರೋ. ಮರವೇರಲಿ, ದೋಟಿ ಹಿಡಿಯಲಿ, ಒಂದೇ ವಾರದಲ್ಲಿ ಇಪ್ಪತ್ತು ಮನೆಗಳಿಂದ ಅವರಿಗೆ ಕರೆ. ಆದುದರಿಂದ ನೆರೆಕರೆಯ ನಾಲ್ಕಾರು ಮನೆಯವರು ಸೇರಿ ಒಟ್ಟಾಗಿ ದಿನ ಹಿಡಿಯುವ ಪದ್ಧತಿ ಹಲವು ಕಡೆ ಬಂದಿದೆ, ಅದು ಒಳ್ಳೆಯದೇ. ಆದರೆ ಕೆಲಸ ಹತ್ತು ಕೈಗಳಿಗೆ ಹಂಚಿಹೋದಾಗ ನೆನಪೂ ಹತ್ತು ತಲೆಗಳಿಗೆ ಹಂಚಿಹೋಗುತ್ತದೆ. "ಅಣ್ಣ ಫೋನು ಮಾಡಿರಬಹುದು" ಎಂದು ತಮ್ಮ, "ಭಾವ ಹೇಳಿರಬಹುದು" ಎಂದು ಅಣ್ಣ. ಹೀಗೆ ಎರಡು ವಾರ ಕಳೆಯುವುದಕ್ಕೆ ಹೊತ್ತು ಬೇಕಾಗಿಲ್ಲ.

ಇಂತಹ ಹಂಚಿಹೋದ ಕೆಲಸಕ್ಕೆ ಫೋನಿನ ಪಟ್ಟಿಗಳು, ಅಂದರೆ ಈಗಿನವರು ಆ್ಯಪ್ ಎನ್ನುವುವುಗಳಲ್ಲಿ ಕೆಲವು, ನಿಜವಾಗಿ ಉಪಯೋಗಕ್ಕೆ ಬರುತ್ತವೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಯಾವುದನ್ನು ಆರಿಸಬೇಕೆಂಬ ವಿಷಯದಲ್ಲಿ ನಮ್ಮ ಮಕ್ಕಳು ಮಾಡುವ ಕ್ರಮ ನಮಗೆ ಸರಿಕಾಣುವುದಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ತಾವು ಏನನ್ನು ಬಳಸುವರೋ ಅದನ್ನೇ ತಂದು ತಂದೆಯ ಫೋನಿಗೆ ಹಾಕಿ ಹೋಗುತ್ತಾರೆ. ಅದರಲ್ಲಿ ಬಣ್ಣಬಣ್ಣದ ಚೀಟಿಗಳಿರುತ್ತವೆ, ನಕ್ಷೆಗಳಿರುತ್ತವೆ, ಎಲ್ಲವೂ ಇಂಗ್ಲಿಷಿನಲ್ಲಿರುತ್ತದೆ. ತಂದೆ ಎರಡು ದಿವಸ ಅದನ್ನು ತೆರೆದು ನೋಡಿ ಮೂರನೆಯ ದಿವಸ ಬಿಟ್ಟುಬಿಡುತ್ತಾರೆ. ಪಟ್ಟಿಯನ್ನು ಆರಿಸಬೇಕಾದುದು ಅದನ್ನು ಚೆನ್ನಾಗಿ ಬಲ್ಲವನ ಅನುಕೂಲಕ್ಕಲ್ಲ. ಕೂಟದಲ್ಲಿ ಯಾರ ಫೋನು ಅತಿ ಅಗ್ಗದ್ದೋ, ಯಾರಿಗೆ ಓದು ಎಲ್ಲರಿಗಿಂತ ಕಡಿಮೆಯೋ, ಯಾರು ಕೈಯಾರೆ ಆ ಕೆಲಸವನ್ನು ಮಾಡುವರೋ, ಅವರು ತೆರೆದು ನೋಡಿ ಒಂದು ಗುರುತು ಹಾಕಬಲ್ಲರಾದರೆ ಅದು ತಕ್ಕ ಪಟ್ಟಿ. ಅವರಿಂದಾಗದಿದ್ದರೆ ಉಳಿದ ಗುಣಗಳೆಲ್ಲ ವ್ಯರ್ಥ.

ಶಾಲೆಯ ಹಾಜರಿ ಪುಸ್ತಕವನ್ನು ನೋಡಿ. ಹೆಸರು, ದಿನ, ಒಂದು ಗುರುತು. ಇಷ್ಟರಿಂದಲೇ ಅದು ತಲೆಮಾರುಗಳಿಂದ ನಡೆದುಬಂದಿದೆ. ಕೆಲಸದ ಪಟ್ಟಿಗೂ ಬೇಕಾದುದು ಅಷ್ಟೇ: ಕೆಲಸ ಏನು ಮತ್ತು ಯಾರದು, ಯಾವ ದಿವಸ, ಆಯಿತೇ ಇಲ್ಲವೇ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು ಕೆಲಸ ಸರಿಯಾಗಿ ನಡೆಯುತ್ತಿರುವ ಮನೆಯವರು ಫೋನಿಗೆ ಬರಬೇಕಾದ ಅಗತ್ಯವೇನೂ ಇಲ್ಲ. ಅದಕ್ಕೆ ಚಾರ್ಜು ಬೇಡ, ನೆಟ್‌ವರ್ಕು ಬೇಡ. ಹಾಲಿನ ಲೆಕ್ಕವನ್ನೂ ಅದರಲ್ಲಿಯೇ ಬರೆಯಬಹುದು. ಅದರ ಕೊರತೆ ಎರಡೇ. ಅದು ಕೂಗಿ ಎಬ್ಬಿಸುವುದಿಲ್ಲ, ಮತ್ತು ಒಂದೇ ಗೋಡೆಯ ಮೇಲಿರುತ್ತದೆ. ಕೆಲಸ ಒಂದು ಮನೆಯನ್ನು ದಾಟಿ ಹೊರಗೆ ಹೋದಾಗ ಮಾತ್ರ ಫೋನಿನ ಪಟ್ಟಿಗೆ ಅರ್ಥ ಬರುತ್ತದೆ.

"ನಮಗೆ ವಾಟ್ಸ್ಯಾಪ್ ಗುಂಪು ಇದೆಯಲ್ಲ, ಇನ್ನೇನು?" ಎಂದು ಕೇಳುವವರಿದ್ದಾರೆ. ವಾಟ್ಸ್ಯಾಪ್ ಮಾತನಾಡುವ ಜಗಲಿ, ಲೆಕ್ಕದ ಪುಸ್ತಕವಲ್ಲ. "ಎರಡನೆಯ ಮದ್ದು ಜುಲೈ ಮೊದಲ ವಾರ" ಎಂದು ಬರೆದ ಒಂದು ಸಾಲು ಸಂಜೆಯೊಳಗೆ ಶುಭೋದಯದ ಹೂವುಗಳ, ಅಡಿಕೆ ಧಾರಣೆಯ, ಯಕ್ಷಗಾನದ ತುಣುಕುಗಳ ಅಡಿಯಲ್ಲಿ ಹೂತುಹೋಗುತ್ತದೆ. ಸಂದೇಶವನ್ನು ಮೇಲೆ ಪಿನ್ ಮಾಡಿಡುವ ಉಪಾಯವುಂಟು ಎನ್ನುವರು. ನಿಜ, ಆದರೆ ಆ ಪಿನ್ ನಿಲ್ಲುವುದು ಹೆಚ್ಚೆಂದರೆ 30 ದಿವಸ. ನಮ್ಮ ಎರಡನೆಯ ಮದ್ದಿಗೆ 40 ದಿವಸ ಬೇಕು! ಅದೂ ಅಲ್ಲದೆ ಕೆಲಸ ಮುಗಿದುದೋ ಇಲ್ಲವೋ ಎಂದು ಗುರುತು ಹಾಕುವ ಕ್ರಮ ಅಲ್ಲಿ ಗಟ್ಟಿಯಾಗಿಲ್ಲ. ಹೆಬ್ಬೆಟ್ಟಿನ ಚಿತ್ರ ಹಾಕಿದವನು "ಮಾಡಿದೆ" ಎಂದನೋ "ಓದಿದೆ" ಎಂದನೋ ಯಾರು ಬಲ್ಲರು?

ಇನ್ನು ಪಟ್ಟಿಗಳ ವಿಷಯ. ಹೆಸರುಗಳು ನೂರಾರು, ನಮ್ಮಂತಹವರು ನೋಡಬೇಕಾದವು ಮೂರೋ ನಾಲ್ಕೋ, ಅವೆಲ್ಲವೂ ಹಣ ಕೊಡದೆ ಸಿಗುವಂಥವು.

ಒಬ್ಬರೇ ತಮ್ಮ ಕೆಲಸ ನೋಡಿಕೊಳ್ಳುವವರಿಗೆ ಗೂಗಲ್ ಟಾಸ್ಕ್ಸ್ ಸಾಕು. ಜಿಮೇಲ್ ಖಾತೆಯಿದ್ದವರಿಗೆ ಬೇರೆ ಖಾತೆ ಬೇಡ. ಬರೆದ ಕೆಲಸ ಗೂಗಲ್ ಕ್ಯಾಲೆಂಡರಿನಲ್ಲಿಯೂ ಕಾಣುತ್ತದೆ, ದಿನ ಬಂದಾಗ ಫೋನು ತಿಳಿಸುತ್ತದೆ. ಆದರೆ ನಮ್ಮ ನಿಮ್ಮಂತಹವರ ಸಾಮಾನ್ಯ ಖಾತೆಯಲ್ಲಿ ಅದರ ಪಟ್ಟಿಯನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಲು ಬಾರದು. ಆದ್ದರಿಂದ ಕೂಟಕ್ಕೆ ಅದು ಒದಗದು.

ಗೂಗಲ್ ಕೀಪ್ ಎಂಬುದು ಚೀಟಿ ಬರೆದಿಡುವ ಆ್ಯಪ್. ಚೀಟಿಯೊಂದನ್ನು ಚೌಕಗಳ ಪಟ್ಟಿಯನ್ನಾಗಿ ಮಾಡಿ, ನೆರೆಮನೆಯವರ ಜಿಮೇಲ್ ವಿಳಾಸ ಸೇರಿಸಿದರೆ ಇಬ್ಬರೂ ಬರೆಯಬಹುದು, ಇಬ್ಬರೂ ಗುರುತು ಹಾಕಬಹುದು. ಚಿತ್ರವನ್ನೂ ಧ್ವನಿಯನ್ನೂ ಚೀಟಿಯಲ್ಲಿ ಇಡಬಹುದು. ಮೈಲುತುತ್ತು, ಸುಣ್ಣ, ಪಂಪಿನ ಪೆಟ್ರೋಲು, ಪೈಪಿನ ವಾಷರು ಎಂಬಂತಹ ಸಾಮಾನಿನ ಪಟ್ಟಿಗೆ ಇದಕ್ಕಿಂತ ಸುಲಭವಾದುದು ಬೇರೆ ಇಲ್ಲ. ಅದರ ಕೊರತೆಯೆಂದರೆ ಪಟ್ಟಿಯ ಒಂದೊಂದು ಸಾಲಿಗೆ ಬೇರೆ ಬೇರೆ ದಿನ ಹಾಕಲಾಗದು. ಮತ್ತು ನೀವು ಇಟ್ಟ ನೆನಪಿನ ಗಂಟೆ ನಿಮಗೆ ಮಾತ್ರ ಬಾರಿಸುತ್ತದೆ, ಹಂಚಿಕೊಂಡವರಿಗೆ ಬಾರಿಸುವುದಿಲ್ಲ. ಇದನ್ನು ತಿಳಿಯದೆ ಎಲ್ಲರಿಗೂ ನೆನಪು ಹೋಗುವುದೆಂದು ನಂಬಿ ಕುಳಿತರೆ ಹಳೆಯ ಕತೆಯೇ.

ನಾಲ್ಕಾರು ಮನೆಗಳ ಕೂಟಕ್ಕೆ ನಾವು ಸೂಚಿಸುವುದು ಮೈಕ್ರೋಸಾಫ್ಟ್ ಟು ಡೂ ಎಂಬುದನ್ನು. ಇದಕ್ಕೆ ಮೈಕ್ರೋಸಾಫ್ಟ್ ಖಾತೆಯೊಂದು ಬೇಕು, ಅದು ಆರಂಭದ ತೊಡಕು; ಮನೆಯ ಓದುವ ಮಕ್ಕಳು ಹತ್ತು ನಿಮಿಷದಲ್ಲಿ ಮಾಡಿಕೊಟ್ಟಾರು. ಒಂದು ಪಟ್ಟಿಯನ್ನು ಕೊಂಡಿ ಕಳುಹಿಸಿ ಹಂಚಿಕೊಳ್ಳಬಹುದು. ಪ್ರತಿಯೊಂದು ಕೆಲಸಕ್ಕೂ ದಿನ ಹಾಕಬಹುದು, ಇಂಥವರದು ಎಂದು ಹೆಸರು ಹಚ್ಚಬಹುದು, ಕೆಲಸದ ಒಳಗೆ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಬರೆಯಬಹುದು. ಕೆಲಸ ಮುಗಿದಾಗ ಒಂದು ಸುತ್ತನ್ನು ಒತ್ತಿದರೆ ಗೆರೆ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ.

ಟ್ರೆಲ್ಲೋ ಎಂಬ ಇನ್ನೊಂದು 2011ರಿಂದ ನಡೆದುಬಂದಿದೆ. ಹಲಗೆಯ ಮೇಲೆ ಚೀಟಿ ಅಂಟಿಸಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಸುವ ಕ್ರಮ ಅದರದು. ಸಸಿಮಡಿ ನಡೆಸುವವರಿಗೆ, ಭಜನಾ ಮಂದಿರದ ವಾರ್ಷಿಕೋತ್ಸವ ನಡೆಸುವ ಹುಡುಗರಿಗೆ ಅದು ಹಿಡಿಸೀತು. ಆದರೆ 2024ರಿಂದ ಉಚಿತವಾಗಿ ಬಳಸುವವರಿಗೆ ಒಂದು ಕೂಟಕ್ಕೆ ಹತ್ತು ಜನರ ಮಿತಿ ಹಾಕಿದ್ದಾರೆ. ಹತ್ತರಿಂದ ಇಪ್ಪತ್ತು ಜನ ಸೇರುವ ನಮ್ಮ ಕುಟುಂಬಶ್ರೀ ನೆರೆಕೂಟದ ಹೆಂಗಸರಿಗೆ ಅದು ಮೊದಲ ದಿನವೇ ಇಕ್ಕಟ್ಟಾದೀತು. ಚಿಕ್ಕ ಪರದೆಯಲ್ಲಿ ಹಲಗೆ ಸರಿಸುವುದೂ ವಯಸ್ಸಾದವರ ಕೈಗೆ ಹಿತವಲ್ಲ. ತೋಟದ ಕೂಟಕ್ಕೆ ನಾವು ಅದನ್ನು ಹೇಳಲಾರೆವು.

ಇದಿಷ್ಟು ಹೆಸರುಗಳ ಮಾತು. ಯಾವ ಹೆಸರನ್ನು ಹಿಡಿದರೂ ಹಾಕಿಕೊಳ್ಳುವ ಮುಂಚೆ ಪರೀಕ್ಷಿಸಬೇಕು. ದ್ರಾವಣದಲ್ಲಿ ಹೊಳೆಯುವ ಚೂರಿ ಅದ್ದಿ ತಾಮ್ರದ ಕೆಂಪು ಹತ್ತುವುದೋ ಎಂದು ನೋಡಿ, ಹತ್ತಿದರೆ ಇನ್ನಷ್ಟು ಸುಣ್ಣ ಹಾಕುವವರಲ್ಲವೇ ನಾವು? ಆ್ಯಪಿಗೂ ಅಂತಹ ಚೂರಿಯ ಪರೀಕ್ಷೆ ಇರಲಿ. ಹತ್ತು ನಿಮಿಷದ ಅನಂತರಕ್ಕೆ ಒಂದು ನೆನಪು ಇಟ್ಟು, ಫೋನನ್ನು ಮುಚ್ಚಿ ಜಗಲಿಯಲ್ಲಿಟ್ಟು ಕೆಲಸಕ್ಕೆ ಹೋಗಿ. ಅಗ್ಗದ ಫೋನುಗಳಲ್ಲಿ ಬ್ಯಾಟರಿ ಉಳಿಸುವ ಏರ್ಪಾಡು ಇಂತಹ ಆ್ಯಪುಗಳ ಬಾಯಿ ಕಟ್ಟಿಬಿಡುವುದುಂಟು; ಗಂಟೆ ಬಾರಿಸದಿದ್ದರೆ ಸೆಟ್ಟಿಂಗಿನಲ್ಲಿ ಆ ಆ್ಯಪಿಗೆ ಬ್ಯಾಟರಿಯ ನಿರ್ಬಂಧವನ್ನು ತೆಗೆದು ಮತ್ತೊಮ್ಮೆ ನೋಡತಕ್ಕದ್ದು. ಎರಡನೆಯದಾಗಿ, ಗುಡ್ಡೆಯ ಮರೆಯ ತೋಟದಲ್ಲಿ ನೆಟ್‌ವರ್ಕು ಇಲ್ಲದ ಜಾಗಕ್ಕೆ ಹೋಗಿ ಪಟ್ಟಿ ತೆರೆಯುವುದೋ ನೋಡಿ. ಕೆಲಸದ ಪಟ್ಟಿ ಬರೆಯುವ ಆ್ಯಪು ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬ್ರಗಳನ್ನೂ ನೀವಿರುವ ಜಾಗವನ್ನೂ ಬೇಕೇಬೇಕೆಂದು ಪಟ್ಟುಹಿಡಿದರೆ ಅದನ್ನು ತೆಗೆದುಹಾಕುವುದೇ ಲೇಸು.

ಮೂರನೆಯ ಪರೀಕ್ಷೆ ಭಾಷೆಯದು. ಗಡಿಯ ಈಚೆಗಿರುವ ನಮಗೆ ಇದು ಸಣ್ಣ ವಿಷಯವಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರ ಓದು ಕನ್ನಡದಲ್ಲಿಯೂ ಕಚೇರಿಯ ಕಾಗದ ಹೆಚ್ಚಾಗಿ ಮಲಯಾಳದಲ್ಲಿಯೂ ಉಳಿದವು. ಕೃಷಿಭವನದ ಅರ್ಜಿಗೆ ಕೊನೆಯ ದಿನ, ವಿಲೇಜ್ ಆಫೀಸಿನಲ್ಲಿ ಕಟ್ಟಬೇಕಾದ ಭೂಕಂದಾಯ, ಹಸುವಿನ ಚುಚ್ಚುಮದ್ದಿನ ಶಿಬಿರ, ಇವುಗಳ ಸಂದೇಶ ಫೋನಿಗೆ ಬರುತ್ತದೆ. ಓದಲು ಬಾರದ ಅಕ್ಷರವೆಂದು ಹಿರಿಯರು ಅದನ್ನು ದಾಟಿಹೋಗುತ್ತಾರೆ. ಸಂಜೆ ಮೊಮ್ಮಗಳು ಶಾಲೆಯಿಂದ ಬಂದು ಓದಿ ಹೇಳುವಷ್ಟರಲ್ಲಿ ಕೆಲವು ಸಲ ದಿನವೇ ದಾಟಿರುತ್ತದೆ. ಇಂತಹ ಮನೆಗಳಲ್ಲಿ ಹಂಚಿಕೊಂಡ ಪಟ್ಟಿಯಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನಾವು ಹೇಳುತ್ತೇವೆ. ಮಲಯಾಳ ಬಲ್ಲ ಒಬ್ಬರು, ಅವರು ನೆರೆಮನೆಯವರೇ ಆಗಲಿ, ಮಂಗಳೂರಿನಲ್ಲಿರುವ ಮಗನೇ ಆಗಲಿ, ಸಂದೇಶವನ್ನು ಓದಿ ಅದರ ಸಾರವನ್ನು ಒಂದೇ ಸಾಲಿನ ಕನ್ನಡದಲ್ಲಿ, ದಿನಾಂಕ ಸಹಿತವಾಗಿ ಪಟ್ಟಿಗೆ ಸೇರಿಸಬಹುದು: "ಕೃಷಿಭವನಕ್ಕೆ ತೆರಿಗೆ ರಶೀದಿಯ ಪ್ರತಿ ಕೊಡುವುದು, ಶುಕ್ರವಾರದೊಳಗೆ, ಅಪ್ಪ." ಆ ಸಾಲು ನಾಲ್ಕು ಮನೆಗಳ ಫೋನಿನಲ್ಲಿ ಕಾಣುತ್ತದೆ. ಸರಕಾರದೊಡನೆ ಕನ್ನಡದ ಕಾಗದಕ್ಕಾಗಿ ಕೇಳುವ ಹಕ್ಕನ್ನು ಇದರಿಂದ ಬಿಟ್ಟುಕೊಟ್ಟಂತಾಗುವುದಿಲ್ಲ. ಅದನ್ನು ಕೇಳುತ್ತಲೇ ಇರಬೇಕು. ಆದರೆ ಅರ್ಜಿಯ ದಿನ ನಮ್ಮ ಹಕ್ಕಿಗಾಗಿ ಕಾದು ನಿಲ್ಲುವುದಿಲ್ಲವಷ್ಟೆ.

ಕನ್ನಡದಲ್ಲಿ ಬರೆಯುವುದು ಕಷ್ಟವೆಂಬ ಮಾತು ಈಗ ಸಲ್ಲದು. ಗೂಗಲಿನ ಕೀಲಿಮಣೆಗೆ ಕನ್ನಡ ಸೇರಿಸಿ, ಮೈಕಿನ ಗುರುತನ್ನು ಒತ್ತಿ ಮಾತನಾಡಿದರೆ ಅಕ್ಷರ ಮೂಡುತ್ತದೆ. ನಮ್ಮ ಕಡೆಯ ಉಚ್ಚಾರಕ್ಕೆ ಅದು ಒಮ್ಮೊಮ್ಮೆ ಏನಾದರೂ ಬೇರೆ ಬರೆದು ನಗೆ ತರಿಸುವುದುಂಟು, ತಿದ್ದಿದರಾಯಿತು. ಬರೆಯುವಾಗ "ಮದ್ದು" ಎಂದು ಒಂದೇ ಮಾತು ಬರೆದು ಬಿಡಬಾರದು. "ಮೇಲಿನ ತೋಟಕ್ಕೆ ಎರಡನೆಯ ಮದ್ದು, ದಿನ ಹಿಡಿಯುವುದು ಭಾವ" ಎಂದು ಬರೆಯಬೇಕು. ಮದ್ದು ಬಿಡುವವರು ತುಳು ಆಡುವವರೋ, ಕೆಲಸಕ್ಕೆ ಬರುವವರು ಹಿಂದಿ ಆಡುವ ಉತ್ತರದವರೋ ಆದರೆ ಅವರನ್ನು ಪಟ್ಟಿಗೆ ಎಳೆಯುವುದಕ್ಕಿಂತ ಅವರಿಗೆ ಫೋನು ಮಾಡುವ ಕೆಲಸವನ್ನೇ ಒಬ್ಬರ ಹೆಸರಿನಲ್ಲಿ ಬರೆಯುವುದು ಒಳ್ಳೆಯದು. ಕೂಟದಲ್ಲಿ ಒಬ್ಬರ ಬಳಿ ಗುಂಡಿಯ ಫೋನು ಮಾತ್ರ ಇದ್ದರೂ ಹಾಗೆಯೇ: ಅವರಿಗೆ ಹಿಂದಿನ ರಾತ್ರಿ ಹೇಳುವ ಹೊಣೆ ಇಂಥವರದು ಎಂದು ಗೊತ್ತುಮಾಡಿರಬೇಕು.

ದಿನ ಹಾಕುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಆ್ಯಪು ಮಾಡಿದವರು ನಮಗಾಗಿ ಯೋಚಿಸಿಲ್ಲ. ಕೆಲವು ಕೆಲಸಗಳು ಗಡಿಯಾರದಂತೆ ತಿರುಗಿ ಬರುತ್ತವೆ. ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲು ಅಂತಹುದು. ಅವುಗಳಿಗೆ "ಮರುಕಳಿಸುವ" ಗುರುತನ್ನು ಹಾಕಿ ಮರೆತುಬಿಡಬಹುದು. ಆದರೆ ತೋಟದ ಮತ್ತು ಹಟ್ಟಿಯ ಕೆಲಸಗಳಲ್ಲಿ ಹೆಚ್ಚಿನವು ಹಿಂದಿನ ಕೆಲಸ ಆದ ದಿವಸದಿಂದ ಎಣಿಸತಕ್ಕವು. ಮೊದಲ ಮದ್ದು ಮೇ 25ಕ್ಕೆ ಆದರೆ ಎರಡನೆಯದು ಜುಲೈ 4ರಿಂದ 9ರೊಳಗೆ. ಮೊದಲನೆಯದೇ ಜೂನ್ 2ಕ್ಕೆ ಹೋದರೆ ಎರಡನೆಯದೂ ಅಷ್ಟೇ ದಿವಸ ಮುಂದಕ್ಕೆ. ಹಸುವಿಗೆ ಜೂನ್ 1ಕ್ಕೆ ಚುಚ್ಚಿಸಿ ಗಬ್ಬ ಕಟ್ಟಿಸಿದ್ದರೆ 21 ದಿವಸಗಳ ಮೇಲೆ, ಅಂದರೆ ಜೂನ್ 22ರ ಸುಮಾರಿಗೆ ಮತ್ತೆ ಬೆದೆಗೆ ಬಂತೋ ಎಂದು ನೋಡಬೇಕು. ನಿಂತಿದ್ದರೆ ಸುಮಾರು 280 ದಿವಸಕ್ಕೆ, ಮಾರ್ಚ್ 8ರ ಹೊತ್ತಿಗೆ ಕರು. ಅದಕ್ಕೆ ಎರಡು ತಿಂಗಳ ಮುಂಚೆ, ಜನವರಿಯ ಮೊದಲ ವಾರದಲ್ಲಿ ಹಾಲು ಬತ್ತಿಸಬೇಕು. ಆದುದರಿಂದ ಒಂದು ಕೆಲಸಕ್ಕೆ ಗೆರೆ ಎಳೆಯುವ ಕೈಯಲ್ಲಿಯೇ ಮುಂದಿನ ಕೆಲಸದ ದಿನವನ್ನು ಬರೆದುಬಿಡುವ ಅಭ್ಯಾಸ ಬೇಕು. ಮದ್ದು ಮುಗಿಸಿ ಮೈ ತೊಳೆದು ಕಾಫಿ ಕುಡಿಯುವಾಗ ಆ ಎರಡು ನಿಮಿಷದ ಕೆಲಸ ಆಗಬೇಕು. ನಾಳೆ ಎಂದರೆ ಆಗದು. ಮಳೆ ಬಂದು ದಿನ ಸರಿದರೆ ಪಟ್ಟಿಯ ದಿನವನ್ನೂ ಸರಿಸಬೇಕು. ತಪ್ಪಿದ ದಿನಗಳು ಕೆಂಪಾಗಿ ರಾಶಿಬಿದ್ದ ಪಟ್ಟಿಯನ್ನು ಯಾರೂ ತೆರೆಯಲು ಮನಸ್ಸು ಮಾಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ವುಂಡರ್‌ಲಿಸ್ಟ್ ಎಂಬ ಹೆಸರಿನ ಪಟ್ಟಿಯ ಆ್ಯಪೊಂದಿತ್ತು. ಬರ್ಲಿನ್ ಪಟ್ಟಣದವರು 2010ರಲ್ಲಿ ಆರಂಭಿಸಿದುದು. ಸರಳವೆಂದು ಲೋಕವೆಲ್ಲ ಮೆಚ್ಚಿದುದು. 2015ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕಂಪೆನಿ ಕೊಂಡುಕೊಂಡಿತು, 2020ರ ಮೇ 6ರಂದು ಮುಚ್ಚಿಬಿಟ್ಟಿತು. ನಾವು ಮೇಲೆ ಸೂಚಿಸಿದ ಟು ಡೂ ಅದರ ಜಾಗದಲ್ಲಿ ಬಂದುದೇ. ಹಳಬರಿಗೆ ತಮ್ಮ ಪಟ್ಟಿಯನ್ನು ಇದಕ್ಕೆ ಸಾಗಿಸಲು ಅನುಕೂಲ ಮಾಡಿಕೊಟ್ಟಿದ್ದರೆಂಬುದು ನಿಜ, ಆದರೆ ಕಂಪೆನಿಯ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕಂಪೆನಿ ಹೇಳಿದ ದಿವಸ ಎತ್ತಿಕೊಳ್ಳಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ನಾಳೆ ಮಾಡಬೇಕಾದ ಕೆಲಸ ಫೋನಿನಲ್ಲಿರಲಿ. ನಿನ್ನೆ ಆದುದರ ಲೆಕ್ಕ, ಅಂದರೆ ಯಾವ ತೋಟಕ್ಕೆ ಎಷ್ಟು ಡ್ರಮ್ಮು ಮದ್ದು ಹೋಯಿತು, ಎಷ್ಟು ಗೊನೆ ಇಳಿಯಿತು, ಯಾರಿಗೆ ಎಷ್ಟು ಕೂಲಿ ಕೊಟ್ಟಿತು ಎಂಬುದು, ರಟ್ಟಿನ ಹೊದಿಕೆಯ ಪುಸ್ತಕದಲ್ಲಿರಲಿ.

ಹಣ ಕೊಟ್ಟು ತೆಗೆದುಕೊಳ್ಳುವ ಆ್ಯಪುಗಳ ವಿಷಯವನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ನಾಲ್ಕು ಮನೆಗಳ ಕೂಟಕ್ಕೆ ತಿಂಗಳ ಬಾಡಿಗೆಯ ಪಟ್ಟಿ ಬೇಕಾಗುವ ಕಾಲ ಬಂದಿಲ್ಲ.

ಆರಂಭಿಸುವವರು ಎಲ್ಲವನ್ನೂ ಒಮ್ಮೆಗೇ ತುಂಬಬಾರದು. ಇಪ್ಪತ್ತು ಪಟ್ಟಿ ಮಾಡಿದವರು ಒಂದನ್ನೂ ನಡೆಸಿದ್ದನ್ನು ನಾವು ಕಂಡಿಲ್ಲ. ಒಂದು ಪಟ್ಟಿ ಸಾಕು. ಅದಕ್ಕೆ "ಮಳೆಗಾಲದ ಕೆಲಸ" ಎಂದು ಹೆಸರಿಡಿ. ಅದರಲ್ಲಿ ಹತ್ತಕ್ಕಿಂತ ಹೆಚ್ಚು ಸಾಲು ಬೇಡ. ಭಾನುವಾರ ಸಂಜೆ ಕೂಟದವರು ಯಾವುದಾದರೊಂದು ಮನೆಯ ಜಗಲಿಯಲ್ಲಿ ಕಾಲು ಗಂಟೆ ಕುಳಿತು, ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಿ, ಹೆಸರಿಲ್ಲದ ಸಾಲಿಗೆ ಹೆಸರು ಹಚ್ಚಿ ಏಳಲಿ. ಆ ಮನೆಯ ಅತ್ತೆಯವರೋ ಸೊಸೆಯವರೋ ಒಳಗಿಂದ "ಸುಣ್ಣ ಮುಗಿದಿದೆ" ಎಂದು ಹೇಳಿದರೆ ಅದನ್ನೂ ಬರೆಯಿರಿ. ನಿಜವಾಗಿ ಹೆಚ್ಚಿನ ಮನೆಗಳಲ್ಲಿ ಏನಿದೆ ಏನಿಲ್ಲ ಎಂಬುದನ್ನು ಬಲ್ಲವರು ಅವರೇ. ಪಟ್ಟಿಯಲ್ಲಿ ಅವರ ಫೋನು ಸೇರದಿದ್ದರೆ ಆ ಪಟ್ಟಿ ಅರ್ಧ. ಒಂದು ಮಳೆಗಾಲ ಹೀಗೆ ನಡೆದುಬಂದರೆ ಮತ್ತೆ ಹಟ್ಟಿಯ ಪಟ್ಟಿ, ಕಚೇರಿಯ ಪಟ್ಟಿ ಎಂದು ಬೇರೆ ಮಾಡಿಕೊಳ್ಳಬಹುದು.

ಕಳೆದ ವರ್ಷದ ಮೈಲುತುತ್ತು ಉಗ್ರಾಣದಲ್ಲಿ ಎಷ್ಟು ಉಳಿದಿದೆ, ಪಂಪಿನ ಪೈಪು ಎಲ್ಲಿ ಒಡೆದಿದೆ ಎಂದು ನೋಡಿಬರುವುದನ್ನೇ ಮೊದಲನೆಯ ಸಾಲಾಗಿ ಬರೆಯಬಹುದು. ನೋಡುವವರ ಹೆಸರನ್ನೂ ಅದರ ಮುಂದೆಯೇ ಹಾಕಿಬಿಡಿ.